ಗದ್ದಲ ಕಾರ್ಖಾನೆಯದು, ಕಿವಿ ಯಾರದು? ದುಡಿಯುತ್ತ ಓದಿದವಳ ಒಂದು ಪ್ರಕರಣ

ಕಾಕಾ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಚಹಾ ಹೊತ್ತು. ನನ್ನ ಮೇಜಿನ ಮೇಲೆ ಬಿಡಿಸಿ ಹರವಿದರು.

“ಇದರಾಗ ಏನ್ ಬರದಾರ್ರಿ ಅಕ್ಕಾರ? ನನಗ ಇಂಗ್ಲಿಷ್ ಓದಾಕ ಬರಂಗಿಲ್ಲ.”

ಕಾಕಾ ನಮ್ಮ ಕಾರ್ಖಾನೆಯ ಕಾಂಟ್ರಾಕ್ಟ್ ಕಾರ್ಮಿಕ. ಅದು ನನ್ನ ಓದಿನ ಪ್ರಬಂಧಕ್ಕೆಂದು ಮಾಡಿಸಿದ ಅವರ ಕಿವಿ ಪರೀಕ್ಷೆಯ ವರದಿ. ಹೆಸರಿರುವ ವರದಿಯನ್ನು ನಾನು ನೋಡುವಂತಿರಲಿಲ್ಲ. ನೋಡುವುದಿಲ್ಲ ಎಂದು ನಾನೇ ಬರೆದು ಸಹಿ ಹಾಕಿ ಅವರ ಕೈಗೆ ಕೊಟ್ಟಿದ್ದೆ. ಆದರೂ ನೋಡಿದೆ. ಮುಂದಿನ ತೊಡಕೆಲ್ಲ ಅಲ್ಲಿಂದ ಶುರುವಾಯಿತು.

ಇದು 2023ರ ಮಾತು. ಕಾರ್ಖಾನೆಯ ಹೆಸರು, ಜನರ ಹೆಸರು ಇಲ್ಲಿ ಬಿಟ್ಟಿದ್ದೇನೆ. ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ.

ಹಿನ್ನೆಲೆ

ನಾನಿರುವುದು ಬೆಳಗಾವಿಯಲ್ಲಿ. ಉದ್ಯಮಬಾಗ್, ಮಚ್ಛೆ ಕಡೆ ಬಂದವರಿಗೆ ಗೊತ್ತು, ಇದು ಫೌಂಡ್ರಿಗಳ ಊರು. ಕಬ್ಬಿಣ ಕರಗಿಸಿ, ಮರಳಿನ ಅಚ್ಚಿಗೆ ಎರಕ ಹೊಯ್ದು, ಬಿಡಿಭಾಗ ಮಾಡಿ ಕಳಿಸುವ ಕೆಲಸ. ನಾನು ಮೆಕ್ಯಾನಿಕಲ್ ಓದಿ ಇಂಥದೊಂದು ಫೌಂಡ್ರಿಯ ಕ್ವಾಲಿಟಿ ವಿಭಾಗ ಸೇರಿದೆ. ಎಂಟು ವರ್ಷದ ಮೇಲೆ ಒಂದು ದಿನ ಮ್ಯಾನೇಜರ್ ಕರೆದು, “ಸೇಫ್ಟಿನೂ ನೀವೇ ನೋಡ್ಕೊಳ್ಳಿ ಮೇಡಂ” ಅಂದರು. ಗಿರಾಕಿ ಕಂಪನಿಯ ಆಡಿಟ್ ಇತ್ತು, ಕಾಗದದಲ್ಲಿ ಒಂದು ಹೆಸರು ಬೇಕಿತ್ತು. ಅಷ್ಟೇ ಕಾರಣ. ಆಗಿದ್ದ 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಸಾವಿರ ಅಥವಾ ಹೆಚ್ಚು ಕಾರ್ಮಿಕರಿದ್ದರೆ ಸೇಫ್ಟಿ ಆಫೀಸರ್ ಬೇಕಿತ್ತು. ನಮ್ಮಲ್ಲಿ ಅದರ ಅರ್ಧವೂ ಇರಲಿಲ್ಲ. ಹಾಗಾಗಿ ನಾನು ಆಫೀಸರ್ ಅಲ್ಲ, ‘ಕೋಆರ್ಡಿನೇಟರ್’.

ರಾಷ್ಟ್ರೀಯ ಸುರಕ್ಷತಾ ದಿನ ಎಂದು ಮಾರ್ಚ್ 4ರಂದು ಬ್ಯಾಡ್ಜ್ ಚುಚ್ಚಿಕೊಂಡು ಎಲ್ಲರಿಂದ ಪ್ರತಿಜ್ಞೆ ಹೇಳಿಸುವುದು, ಹೆಲ್ಮೆಟ್ ಲೆಕ್ಕ ಇಡುವುದು, ಬೆಂಕಿ ಆರಿಸುವ ಸಿಲಿಂಡರಿನ ದಿನಾಂಕ ನೋಡುವುದು. ಎರಡು ವರ್ಷ ಇದನ್ನೇ ಮಾಡಿದೆ. ಸುಮ್ನೆ ನಾಟಕ ಅನ್ನಿಸತೊಡಗಿತು. ಆಗ ಹೊರದೇಶದ ಒಂದು ವಿಶ್ವವಿದ್ಯಾಲಯದ ಎರಡು ವರ್ಷದ ಆನ್‌ಲೈನ್ ಎಂ.ಎಸ್ಸಿ.ಗೆ ಸೇರಿದೆ. ವಿಷಯ, ಕೆಲಸದ ಜಾಗದ ಆರೋಗ್ಯ ಮತ್ತು ಸುರಕ್ಷತೆ.

ಸೇರುವ ಮೊದಲು ಒಂದು ವಿಚಾರ ನೋಡಿಕೊಳ್ಳಬೇಕಿತ್ತು, ನೋಡಲಿಲ್ಲ. ಇಂಥ ಕೋರ್ಸಿಗೆ ಸೇರುವವರಿಗೆ ಉಪಯೋಗವಾದೀತು ಎಂದು ಹೇಳುತ್ತೇನೆ. ಸೇಫ್ಟಿ ಆಫೀಸರ್ ಆಗಿ ನೇಮಕ ಆಗಬೇಕಾದರೆ ರಾಜ್ಯ ಸರ್ಕಾರ ಮಾನ್ಯ ಮಾಡಿದ ಕೈಗಾರಿಕಾ ಸುರಕ್ಷತೆಯ ಪದವಿ ಅಥವಾ ಡಿಪ್ಲೊಮಾ ಬೇಕು. ಹೊರಗಿನ ಎಂ.ಎಸ್ಸಿ. ಎಷ್ಟೇ ದೊಡ್ಡದಾಗಿರಲಿ, ಆ ಪಟ್ಟಿಯಲ್ಲಿ ಇಲ್ಲದಿದ್ದರೆ ನೇಮಕಕ್ಕೆ ಲೆಕ್ಕಕ್ಕಿಲ್ಲ. ಅದೇ ನಿಯಮದಲ್ಲಿ ಇನ್ನೊಂದು ಷರತ್ತೂ ಇದೆ: ಆ ಭಾಗದ ಹೆಚ್ಚಿನ ಕಾರ್ಮಿಕರು ಆಡುವ ಭಾಷೆ ಬರಬೇಕು. ಓದುವಾಗ ಇದೇನು ಮಹಾ ಅಂದುಕೊಂಡಿದ್ದೆ. ಇಡೀ ಪ್ರಕರಣದ ಗಂಟು ಇದ್ದದ್ದು ಅಲ್ಲೇ.

ಓದಿನ ದಿನಚರಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಳಿಗ್ಗೆ ಐದರಿಂದ ಏಳು, ಭಾನುವಾರ ಮಧ್ಯಾಹ್ನ. ಅತ್ತೆ ಮಗನನ್ನು ನೋಡಿಕೊಂಡರು. ದುಡಿಯುತ್ತ ಓದುವ ಎಲ್ಲರ ಮನೆಯಲ್ಲೂ ಹೀಗೆ ಒಬ್ಬರು ಇರುತ್ತಾರೆ, ಪದವಿ ಪತ್ರದಲ್ಲಿ ಅವರ ಹೆಸರು ಬರುವುದಿಲ್ಲ. ಮೊದಲ ಪಾಠವೇ ಭೋಪಾಲ್. 1984ರ ಡಿಸೆಂಬರ್ 2ರ ರಾತ್ರಿ. ಪರದೆಯ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು, ಅಲ್ಲಿದ್ದ ಭಾರತೀಯಳು ನಾನೊಬ್ಬಳೇ ತಾನೆ! ಆ ರಾತ್ರಿ ನಾನಿನ್ನೂ ಹುಟ್ಟಿರಲಿಲ್ಲ. ಆದರೆ ಆ ದುರಂತದ ನಂತರ, 1987ರಲ್ಲಿ ನಮ್ಮ ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಅಧ್ಯಾಯ ಸೇರಿತು. ಆ ಪಟ್ಟಿಯಲ್ಲಿ ಫೌಂಡ್ರಿ ಇದೆ. ಹತ್ತು ವರ್ಷ ಫೌಂಡ್ರಿಯಲ್ಲಿ ದುಡಿದವಳಿಗೆ ಇದು ಗೊತ್ತಾದದ್ದು ಪರದೇಶದ ಪಾಠದಿಂದ.

ಒಂದೇ ಗದ್ದಲ, ಎರಡು ಲೆಕ್ಕ

ಎರಡನೇ ವರ್ಷದ ಪ್ರಬಂಧಕ್ಕೆ ನಾನು ಆರಿಸಿದ್ದು ನಮ್ಮದೇ ಫೆಟ್ಲಿಂಗ್ ವಿಭಾಗ. ಎರಕ ಆರಿದ ಮೇಲೆ ಕಾಸ್ಟಿಂಗಿನ, ಅಂದರೆ ಎರಕದ ತುಂಡಿನ, ಮೈಗೆ ಬೇಡದ ಲೋಹ ಅಂಟಿಕೊಂಡೇ ಇರುತ್ತದೆ: ಲೋಹ ಹರಿದುಬಂದ ದಾರಿಯದು ರನ್ನರ್, ಹೆಚ್ಚುವರಿ ತುಂಬಿದ್ದು ರೈಸರ್, ಅಂಚಿನ ಸಂದಿಯಲ್ಲಿ ಹೊರಚಾಚಿದ್ದು ಫ್ಲ್ಯಾಶ್. ಅದನ್ನು ಸುತ್ತಿಗೆಯಲ್ಲಿ ಹೊಡೆದು, ಗಾಳಿಯಿಂದ ಓಡುವ ಚಿಪ್ಪಿಂಗ್ ಗನ್ನಿನಲ್ಲಿ ಕೆತ್ತಿ, ಗ್ರೈಂಡರಿನಲ್ಲಿ ಉಜ್ಜಿ ತೆಗೆಯುವುದು ಫೆಟ್ಲಿಂಗ್. ಅಲ್ಲಿ 38 ಜನ, ಬಹುಪಾಲು ಕಾಂಟ್ರಾಕ್ಟ್ ಕೂಲಿಯವರು. ಅಲ್ಲಿ ಯಾರೂ ಮಾತಾಡುವುದಿಲ್ಲ, ಎಲ್ಲ ಕೈಸನ್ನೆ. ಚಹಾಕ್ಕೆ ಒಂದು ಸನ್ನೆ, ಸೂಪರ್‌ವೈಸರ್ ಬಂದ ಎನ್ನುವುದಕ್ಕೆ ಒಂದು ಸನ್ನೆ.

ಭುಜಕ್ಕೆ ಸಿಕ್ಕಿಸುವ, ಪಾಳಿಯುದ್ದಕ್ಕೂ ಸದ್ದು ಅಳೆಯುವ ನಾಯ್ಸ್ ಡೋಸಿಮೀಟರ್ ಬಾಡಿಗೆಗೆ ತಂದು ಅಳೆದೆ. ಸುಲಭಕ್ಕೆ ಇಡೀ ಪಾಳಿ 97 ಡೆಸಿಬಲ್ ಎಂದುಕೊಳ್ಳಿ. ಇಷ್ಟು ಸದ್ದಿನಲ್ಲಿ ಎಷ್ಟು ಹೊತ್ತು ಇರಬಹುದು ಎಂದು ಹೇಳುವ ನಮ್ಮ ದೇಶದ ಕಾರ್ಖಾನೆ ನಿಯಮದ ಕೋಷ್ಟಕದಲ್ಲಿ 90 ಡೆಸಿಬಲ್‌ಗೆ ಎಂಟು ಗಂಟೆ, ಪ್ರತಿ 5 ಡೆಸಿಬಲ್ ಏರಿದಾಗ ಸಮಯ ಅರ್ಧ. 97ಕ್ಕೆ ಮೂರು ಗಂಟೆ. ಕಾರ್ಮಿಕರ ಆರೋಗ್ಯದ ಸಂಶೋಧನೆ ಮಾಡುವ ಅಮೆರಿಕದ ನಿಯೋಷ್ ಸಂಸ್ಥೆಯ ಶಿಫಾರಸು 85ಕ್ಕೆ ಎಂಟು ಗಂಟೆ, ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ. ಆ ಲೆಕ್ಕದಲ್ಲಿ 97ಕ್ಕೆ ಬರೀ ಅರ್ಧ ಗಂಟೆ. ಅಂದರೆ ಎಂಟು ಗಂಟೆ ನಿಂತವನು ಒಂದು ಲೆಕ್ಕದಲ್ಲಿ ತಾಳಬಹುದಾದದ್ದಕ್ಕಿಂತ ಎರಡೂವರೆ ಪಟ್ಟಿಗೂ ಜಾಸ್ತಿ ಕೇಳಿಸಿಕೊಂಡ, ಇನ್ನೊಂದರಲ್ಲಿ 16 ಪಟ್ಟು. ಅದೇ ಮನುಷ್ಯ, ಅದೇ ಗ್ರೈಂಡರ್, ಅದೇ ದಿನ. ಶಬ್ದದ ಶಕ್ತಿ 3 ಡೆಸಿಬಲ್‌ಗೇ ಇಮ್ಮಡಿಯಾಗುತ್ತದೆ, ಹಾಗಾಗಿ ಎರಡನೆಯ ಲೆಕ್ಕವೇ ಸರಿ ಎಂದು ನನ್ನ ನಂಬಿಕೆ. ಬ್ರಿಟನ್ನಿನ 2005ರ ನಿಯಮದಲ್ಲಿ 80ಕ್ಕೇ ಮಾಹಿತಿ ಕೊಡಬೇಕು, 85ಕ್ಕೆ ಕ್ರಮ ಕಡ್ಡಾಯ, ಇಯರ್‌ಪ್ಲಗ್ ಹಾಕಿಕೊಂಡ ಮೇಲೂ ಕಿವಿಗೆ 87 ದಾಟಬಾರದು. ರಾತ್ರಿ ಒಂಬತ್ತೂವರೆಗೆ ಪ್ರಬಂಧದ ಗೈಡ್ ಜೊತೆ ಕೂತು ಈ ಅಂಕಿ ಓದುವುದು, ಬೆಳಿಗ್ಗೆ ಹೋಗಿ 97ರಲ್ಲಿ ನಿಲ್ಲುವುದು.

ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ: “ಯಾವ ನಂಬರ್ ಬರೀತೀರಿ?” ಎರಡೂ ಅಂದೆ. ಮುಖ ಗಂಟಿಕ್ಕಿದರು, ಆದರೆ ಕಂಪನಿ ಹೆಸರು ಬರುವುದಿಲ್ಲ ಎಂಬ ಷರತ್ತಿನ ಮೇಲೆ ಅನುಮತಿ ಪತ್ರಕ್ಕೆ ಸಹಿ ಹಾಕಿದರು. ಅಲ್ಲಿಯವರೆಗೆ ಅವರದು ತಪ್ಪಿಲ್ಲ.

“ಪ್ಲಗ್ ಕೊಟ್ಟಿದ್ದೀವಲ್ಲ” ಎಂಬ ಮಾತು ಎಲ್ಲ ಕಡೆ ಬರುತ್ತದೆ. ಅದಕ್ಕೊಂದು ಲೆಕ್ಕ ಇಟ್ಟುಕೊಳ್ಳಿ. 30 ಡೆಸಿಬಲ್ ತಡೆಯುವ ಪ್ಲಗ್ಗನ್ನು ಎಂಟು ಗಂಟೆಯಲ್ಲಿ ಅರ್ಧ ಗಂಟೆ ಮಾತ್ರ ತೆಗೆದಿಟ್ಟರೂ ಇಡೀ ದಿನಕ್ಕೆ ಸಿಗುವ ರಕ್ಷಣೆ ಸುಮಾರು 12ಕ್ಕೆ ಇಳಿಯುತ್ತದೆ. ಬೆವರು, ಧೂಳು, ಸೂಪರ್‌ವೈಸರ್ ಕೂಗಿದ್ದು ಕೇಳಬೇಕು ಎಂಬ ಭಯ, ಇವೆಲ್ಲ ಸೇರಿ ಅರ್ಧ ಗಂಟೆ ಎನ್ನುವುದೇ ಉದಾರ ಲೆಕ್ಕ.

ಕೊಟ್ಟ ಮಾತು

ಪ್ರಬಂಧದ ಎರಡನೇ ಭಾಗ ಕಿವಿ ಪರೀಕ್ಷೆ. ಕಂಪನಿಯ ವಾರ್ಷಿಕ ತಪಾಸಣೆಯಲ್ಲಿ ಎದೆ ಎಕ್ಸ್‌ರೇ, ಬಿಪಿ, ಕಣ್ಣು ಇತ್ತು, ಕಿವಿ ಇರಲಿಲ್ಲ. ಪರೀಕ್ಷೆ ಮಾಡಲು ಊರಿನ ಒಬ್ಬ ಆಡಿಯಾಲಜಿಸ್ಟ್, ಅಂದರೆ ಕಿವಿ ಕೇಳುವುದನ್ನು ಪರೀಕ್ಷಿಸುವ ತಜ್ಞರು, ಒಪ್ಪಿದರು. ಗದ್ದಲದಿಂದ ಬಂದವರ ಕಿವಿ ಕೆಲವು ಗಂಟೆ ಮಂದವಾಗಿರುತ್ತದೆ, ಹಾಗಾಗಿ ರಜೆಯ ಮರುದಿನ ಬೆಳಿಗ್ಗೆ, ಪಾಳಿಗೆ ಹೋಗುವ ಮೊದಲೇ ಪರೀಕ್ಷೆ ಎಂದು ಗೊತ್ತುಮಾಡಿದೆ. ವರದಿ ಮುಚ್ಚಿದ ಲಕೋಟೆಯಲ್ಲಿ ಕಾರ್ಮಿಕನ ಕೈಗೆ. ನನಗೆ ಹೆಸರಿಲ್ಲದ ಕೋಡ್ ನಂಬರ್ ಮಾತ್ರ.

ವಿಶ್ವವಿದ್ಯಾಲಯದ ನೈತಿಕ ಸಮಿತಿಗೆ ಒಪ್ಪಿಗೆ ಪತ್ರದ ಕರಡು ಕಳಿಸಬೇಕಿತ್ತು. ಅವರದೇ ಒಂದು ಮಾದರಿ ಇತ್ತು. ಅದನ್ನು ಕನ್ನಡ, ಮರಾಠಿ ಎರಡಕ್ಕೂ ತಂದೆ. ಅದರಲ್ಲಿ ಒಂದು ಸಾಲು: ನಿಮ್ಮ ಕುರಿತ ಯಾವ ಮಾಹಿತಿಯೂ ನಿಮ್ಮ ಕಂಪನಿಗೆ ತಿಳಿಯುವುದಿಲ್ಲ.

ಆ ಸಾಲನ್ನು ಭಾಷಾಂತರ ಮಾಡಿದೆನೇ ಹೊರತು ಓದಲಿಲ್ಲ. ಅದು ಹೊರಗಿನಿಂದ ಬರುವ ಸಂಶೋಧಕರಿಗೆ ಬರೆದ ಸಾಲು. ನಾನು ಕಂಪನಿಯ ಸಂಬಳದವಳು. ನನಗೆ ತಿಳಿದರೆ ಕಂಪನಿಗೆ ತಿಳಿದಂತೆಯೇ ಅಲ್ವಾ?

ಎರಡೇ ದಿನದಲ್ಲಿ 38 ಜನರೂ ಸಹಿ ಹಾಕಿದರು. ನನಗೆ ಹಿಗ್ಗು. ಗೈಡ್‌ಗೆ ಹೇಳಿದಾಗ ಅವರು ಕೇಳಿದ್ದು, “ಒಬ್ಬರೂ ಬೇಡ ಅನ್ನಲಿಲ್ಲವೇ?” ಇಲ್ಲ ಅಂದೆ. ಅದೇ ನನಗೆ ಚಿಂತೆ ಅಂದರು. ನಮ್ಮ ಜನರ ವಿಶ್ವಾಸ ಇವರಿಗೆ ಅರ್ಥವಾಗುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ನನ್ನ ಕೈಯಲ್ಲಿ ಗೇಟ್ ಪಾಸ್ ಪುಸ್ತಕವೂ ಇತ್ತು ಎಂಬುದು ಆಗ ಹೊಳೆಯಲೇ ಇಲ್ಲ.

14 ಜನರ ಪರೀಕ್ಷೆ ಮುಗಿದಿತ್ತು. ಆಗ ಕಾಕಾ ಬಂದದ್ದು.

ಆ ಒಂದು ವಾರ

ಹಾಳೆಯಲ್ಲಿದ್ದ ಗೆರೆ ಪಠ್ಯದ ಚಿತ್ರದಂತೆಯೇ ಇತ್ತು. ದಪ್ಪ ಸದ್ದಿನಿಂದ ಕೀಚಲು ಸದ್ದಿನವರೆಗೆ (ಅದರ ಅಳತೆ ಹರ್ಟ್ಸ್) ಕಿವಿಗೆ ಎಷ್ಟು ಕೇಳುತ್ತದೆ ಎಂದು ತೋರಿಸುವ ಗೆರೆ ಅದು, ಕೆಳಗಿಳಿದಷ್ಟೂ ಕೇಳುವುದು ಕಡಿಮೆ. 2000 ಹರ್ಟ್ಸ್‌ವರೆಗೆ ಪರವಾಗಿಲ್ಲ. 4000ಕ್ಕೆ ಬರುತ್ತಲೇ ಬಾವಿಗೆ ಬಿದ್ದಂತೆ 60 ಡೆಸಿಬಲ್‌ಗೆ ಇಳಿದು, 8000ಕ್ಕೆ ಸ್ವಲ್ಪ ಮೇಲೆ ಎದ್ದಿತ್ತು. ಎರಡೂ ಕಿವಿ ಹಾಗೆಯೇ. ಗದ್ದಲದಿಂದ ಕೆಟ್ಟ ಕಿವಿಯ ಗುರುತು ಈ ಗುಂಡಿ. ವಯಸ್ಸಾಗಿ ಮಂದವಾದ ಕಿವಿಯಲ್ಲಿ ಗೆರೆ ಇಳಿಯುತ್ತಲೇ ಹೋಗುತ್ತದೆ, ಮತ್ತೆ ಏಳುವುದಿಲ್ಲ.

ಇಂಥವರಿಗೆ ಸದ್ದು ಕೇಳುತ್ತದೆ, ಮಾತು ಬಿಡಿಬಿಡಿಯಾಗಿ ಕೇಳುವುದಿಲ್ಲ. ಸ್ವರಗಳು ಬರುತ್ತವೆ, ಸಕಾರ ಶಕಾರದಂಥ ಸಣ್ಣ ಸದ್ದಿನ ವ್ಯಂಜನಗಳು ಜಾರಿಹೋಗುತ್ತವೆ. ಕಾಲು, ಸಾಲು, ಹಾಲು ಮೂರೂ ಒಂದೇ ಥರ. ಮನೆಯಲ್ಲಿ ಟಿವಿ ಜೋರು ಎಂದು ಜಗಳ ಆಗುತ್ತದಾ ಎಂದು ಕೇಳಿದೆ. “ಅದು ನಿಮಗ ಹೆಂಗ್ ಗೊತ್ತಾತ್ರಿ?” ಎಂದು ನಕ್ಕರು.

ನಾನು ಏನು ಬರೆದಿದೆ ಎಂದು ಹೇಳಿದೆ. ನಗು ನಿಂತಿತು.

“ಆಫೀಸಿನ್ಯಾಗ ಹೇಳಬ್ಯಾಡ್ರಿ ಅಕ್ಕಾರ. ಕಾಂಟ್ರಾಕ್ಟರ್ ನಾಳೆನ ಗೇಟ್ ಪಾಸ್ ಕಸಗೋತಾನ.”

ಅವರಿಗೆ 47. ಮೂರು ಫೌಂಡ್ರಿಗಳಲ್ಲಿ, ಮೂವರು ಕಾಂಟ್ರಾಕ್ಟರ್‌ಗಳ ಕೈಕೆಳಗೆ 19 ವರ್ಷ ಫೆಟ್ಲಿಂಗ್ ಮಾಡಿದ್ದರು. ನಮ್ಮಲ್ಲಿಗೆ ಬಂದು ಐದು ವರ್ಷ. ಸೇರುವಾಗಿನ ಕಿವಿ ಪರೀಕ್ಷೆ ಎಲ್ಲೂ ಇಲ್ಲ. ಯಾರ ಗದ್ದಲ ಎಷ್ಟು ಕೆಡಿಸಿತು ಎಂದು ಯಾರೂ ಹೇಳಲಾರರು. ಹಾಗೆಂದು ಸೇರುವಾಗ ಪರೀಕ್ಷೆ ಮಾಡಿ ಅನ್ನುವುದೂ ಸುಲಭವಿಲ್ಲ. ಕೆಲವು ಕಡೆ ಅದೇ ಪರೀಕ್ಷೆಯನ್ನು ಜರಡಿ ಮಾಡಿಕೊಂಡು ಇಂಥ ಕಾಕಾಗಳನ್ನು ಗೇಟಿನಲ್ಲೇ ವಾಪಸ್ ಕಳಿಸುತ್ತಾರೆ.

ಈಗ ನನ್ನ ಸ್ಥಿತಿ ನೋಡಿ. ಗದ್ದಲದಿಂದ ಬರುವ ಕಿವುಡು ಆಗಿನ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿರುವ ರೋಗ. 89ನೇ ಸೆಕ್ಷನ್ ಪ್ರಕಾರ ಇಂಥ ರೋಗ ಬಂದರೆ ಮ್ಯಾನೇಜರ್ ಇಲಾಖೆಗೆ ನೋಟಿಸ್ ಕೊಡಬೇಕು, ಚಿಕಿತ್ಸೆ ಮಾಡಿದ ವೈದ್ಯರೂ ವರದಿ ಮಾಡಬೇಕು. ಸೇಫ್ಟಿಯವಳಾಗಿ ನಾನು ಮ್ಯಾನೇಜರ್‌ಗೆ ಹೇಳಬೇಕು. ವಿದ್ಯಾರ್ಥಿಯಾಗಿ ಹೇಳುವಂತಿಲ್ಲ, ಬರೆದುಕೊಟ್ಟಿದ್ದೇನೆ. ಒಂದು ಸಮಾಧಾನ ಹುಡುಕಿಕೊಂಡೆ: ಆಡಿಯಾಲಜಿಸ್ಟ್ ಕೊಟ್ಟದ್ದು ಬರೀ ಗೆರೆ, ರೋಗ ಎಂದು ಹೇಳಬೇಕಾದವರು ವೈದ್ಯರು. ಆದ್ದರಿಂದ ಕಾನೂನು ಇನ್ನೂ ಶುರುವಾಗಿಲ್ಲ. ಮಾತು ಸರಿ. ಆದರೆ ನಾನು ಅದನ್ನು ಹುಡುಕಿದ್ದು ನನ್ನ ಚರ್ಮ ಉಳಿಸಿಕೊಳ್ಳಲಿಕ್ಕೆ.

ಅಂದು ರಾತ್ರಿಯೇ ಗೈಡ್‌ಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ. ಉಳಿದ ಪರೀಕ್ಷೆ ನಿಲ್ಲಿಸಿ, ನಡೆದದ್ದನ್ನು ಸಮಿತಿಗೆ ಬರೆದು ತಿಳಿಸಿ, ಆ ಮನುಷ್ಯನಿಗೆ ಪೂರ್ತಿ ವಿಷಯ ಹೇಳಿ ಅಂದರು. ಮರುದಿನ ಕಾಕಾನನ್ನು ಕ್ಯಾಂಟೀನಿನ ಹಿಂದೆ ಕೂರಿಸಿಕೊಂಡು ಹೇಳಿದೆ. ಈ ಕಿವಿ ವಾಪಸ್ ಬರುವುದಿಲ್ಲ, ಆದರೆ ಇನ್ನಷ್ಟು ಹೋಗದಂತೆ ತಡೆಯಬಹುದು. ನಿಮ್ಮ ಇಎಸ್‌ಐ ಕಾರ್ಡ್ ಇದೆ, ನೀವಾಗಿಯೇ ಡಿಸ್ಪೆನ್ಸರಿಗೆ ಹೋಗಿ ಕಿವಿ ಡಾಕ್ಟರಿಗೆ ಚೀಟಿ ಕೇಳಬಹುದು. ಕೆಲಸದಿಂದ ಬಂದ ಕಿವುಡು ಎಂದು ಮೆಡಿಕಲ್ ಬೋರ್ಡ್ ಒಪ್ಪಿದರೆ ಪರಿಹಾರ ಇದೆ. ಆದರೆ ಡಾಕ್ಟರು ಬರೆದುಕೊಟ್ಟ ಮೇಲೆ ವಿಷಯ ಕಾರ್ಖಾನೆಗೆ ಬಂದೇ ಬರುತ್ತದೆ, ಆಗ ನಾನು ಗೊತ್ತಿಲ್ಲ ಅನ್ನಲಾರೆ. ಇಷ್ಟನ್ನೂ ಸಹಿಗೆ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ, ತಪ್ಪು ನನ್ನದು.

ಅವರು ಒಂದು ವಾರ ಕೇಳಿದರು. ಆರು ಪಾಳಿ. ಆರೂ ದಿನ ಚಿಪ್ಪಿಂಗ್ ಗನ್ ಹಿಡಿದೇ ಕೆಲಸ ಮಾಡಿದರು. ಪ್ಲಗ್ಗನ್ನು ಹೇಗೆ ಹೊಸೆದು, ಕಿವಿ ಮೇಲಕ್ಕೆ ಎಳೆದು, ಒಳಗೆ ಉಬ್ಬುವವರೆಗೆ ಬೆರಳಿನಲ್ಲಿ ಒತ್ತಿ ಹಿಡಿಯಬೇಕು ಎಂದು ತೋರಿಸಿಕೊಟ್ಟೆ. ಅಷ್ಟೇ ನನ್ನಿಂದಾದದ್ದು. ಅವರ ಮಾತಿಗೆ ಕಾಯ್ದದ್ದು ಸರಿಯೋ, ಮೊದಲ ದಿನವೇ ಏನಾದರೂ ನೆಪ ಹೇಳಿ ಜಾಗ ಬದಲಿಸಬೇಕಿತ್ತೋ, ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಏಳನೇ ದಿನ ಅವರೇ ಡಿಸ್ಪೆನ್ಸರಿಗೆ ಹೋದರು.

ಪಿನ್ನು, ಬುಷ್, ಹಳೆ ಬೆಲ್ಟು

ಆ ವಾರದಲ್ಲಿ ನನಗೆ ಒಂದು ತಿಳಿಯಿತು. ಗದ್ದಲ ಜಾಗಕ್ಕೆ ಸೇರಿದ್ದು, ಅದನ್ನು ಯಾರಿಗೂ ಮುಚ್ಚಿಡಬೇಕಾಗಿಲ್ಲ. ಕಿವಿ ಮನುಷ್ಯನದು. ಕಂಪನಿಯ ಮುಂದೆ ವಾದ ಮಾಡಲು ಒಬ್ಬನ ಕಿವಿಯನ್ನು ಸಾಕ್ಷಿ ಮಾಡಬೇಕಾದ ಅಗತ್ಯವೇ ಇರಲಿಲ್ಲ. 97 ಎಂಬ ಅಂಕಿ ಸಾಕಾಗಿತ್ತು.

ಆದ್ದರಿಂದ ಅಳತೆಯನ್ನು ಇನ್ನೊಮ್ಮೆ ಕೈಗೆತ್ತಿಕೊಂಡೆ. ಈ ಸಲ ಮನುಷ್ಯರ ಭುಜದಲ್ಲಲ್ಲ, ಕೆಲಸದ ಒಂದೊಂದು ಹಂತದಲ್ಲಿ. ಎಲ್ಲಕ್ಕಿಂತ ಕಿವಿಗಡಚಿಕ್ಕುವ ಸದ್ದು ಗ್ರೈಂಡರಿನದೇ ಇರಬೇಕು ಎಂದುಕೊಂಡಿದ್ದೆ. ಉಜ್ಜಿ ಮುಗಿದ ಕಾಸ್ಟಿಂಗನ್ನು ಉಕ್ಕಿನ ಬಿನ್ನಿಗೆ ಎಸೆಯುವಾಗಿನ ಸದ್ದು ಅದನ್ನೂ ಮೀರಿತ್ತು. ಕಬ್ಬಿಣದ ಮೇಲೆ ಕಬ್ಬಿಣ, ದಿನಕ್ಕೆ ನೂರಾರು ಸಲ. ಮರಳು ವಿಭಾಗದಲ್ಲಿ ಸವೆದು ಬಿದ್ದಿದ್ದ ಕನ್ವೇಯರ್ ಬೆಲ್ಟ್ ಇತ್ತು. ಅದನ್ನು ಕತ್ತರಿಸಿ ಎರಡು ಬಿನ್ನಿನ ಒಳಮೈಗೆ ಬೋಲ್ಟ್ ಹಾಕಿಸಿದೆ. ಖರ್ಚು ಬರೀ ಬೋಲ್ಟಿನದು. ಆ ಮೂಲೆಯಲ್ಲಿ ವ್ಯತ್ಯಾಸ ಮೀಟರ್ ಇಲ್ಲದೆಯೇ ಗೊತ್ತಾಗುತ್ತಿತ್ತು.

ಇನ್ನೊಂದು ವಿಷಯ ಹೊಳೆದದ್ದು ನನ್ನ ಹಳೆಯ ಕ್ವಾಲಿಟಿ ಕೆಲಸದಿಂದ. ಪಾಠದಲ್ಲಿ ಹೇಳುವ ಮೆಟ್ಟಿಲು ನಿಮಗೆ ಗೊತ್ತಿರಬಹುದು: ಮೊದಲು ಅಪಾಯವನ್ನೇ ತೆಗೆಯಿರಿ, ಆಗದಿದ್ದರೆ ಬದಲಿಸಿ, ಆಮೇಲೆ ಯಂತ್ರಕ್ಕೆ ತಡೆ, ಆಮೇಲೆ ಕೆಲಸದ ಕ್ರಮ, ಕೊನೆಗೆ ಪ್ಲಗ್ಗು ಹೆಲ್ಮೆಟ್ಟು. ಫೆಟ್ಲಿಂಗಿನಲ್ಲಿ ಅಪಾಯವನ್ನೇ ತೆಗೆಯುವುದು ಹೇಗೆ? ಇಷ್ಟೊಂದು ಕೆತ್ತುವುದು ಯಾಕೆ ಬೇಕು ಎಂದು ಕೇಳಿದರೆ ಉತ್ತರ ಸಿಗುತ್ತದೆ. ಅಚ್ಚಿನ ಮೇಲಿನ ಪೆಟ್ಟಿಗೆ, ಕೆಳಗಿನ ಪೆಟ್ಟಿಗೆ ಸರಿಯಾಗಿ ಕೂರಲು ಪಿನ್ನು, ಆ ಪಿನ್ನು ಕೂರುವ ಬುಷ್ ಇರುತ್ತವೆ. ಅವು ಸವೆದರೆ ಪೆಟ್ಟಿಗೆ ಅಲುಗಾಡುತ್ತದೆ, ಸಂದಿಯಲ್ಲಿ ಲೋಹ ನುಗ್ಗುತ್ತದೆ, ಕಾಸ್ಟಿಂಗಿನ ನಡುವಿಗೆ ದಪ್ಪ ಫ್ಲ್ಯಾಶ್ ಬರುತ್ತದೆ. ಅದನ್ನು ಕೆತ್ತಿ ತೆಗೆಯುವುದೇ ಕಾಕಾನ ಕೆಲಸ. ಮೋಲ್ಡಿಂಗಿನಲ್ಲಿ ಉಳಿಸಿದ ಪಿನ್ನಿನ ದುಡ್ಡು ಫೆಟ್ಲಿಂಗಿನಲ್ಲಿ ಒಬ್ಬನ ಕಿವಿಯಿಂದ ವಸೂಲಾಗುತ್ತಿತ್ತು.

ಎರಡು ಮಾದರಿಯ ಕಾಸ್ಟಿಂಗುಗಳಿಗೆ ಪಿನ್ನು ಬುಷ್ ಬದಲಿಸಿ ನೋಡಿದೆವು. ಪ್ರತಿ ತುಂಡಿಗೆ ಚಿಪ್ಪಿಂಗ್ ಸಮಯ ಕಣ್ಣಿಗೆ ಕಾಣುವಷ್ಟು ಇಳಿಯಿತು. ಮ್ಯಾನೇಜರ್‌ಗೆ ಕಿವಿಯ ಮಾತು ಹೇಳಲೇ ಇಲ್ಲ, ಚಿಪ್ಪಿಂಗ್ ತಾಸು ಮತ್ತು ಗ್ರೈಂಡಿಂಗ್ ವೀಲಿನ ಖರ್ಚು ತೋರಿಸಿದೆ. ಎಲ್ಲ ಪೆಟ್ಟಿಗೆಗಳಿಗೂ ಮೂರು ತಿಂಗಳಿಗೊಮ್ಮೆ ಪಿನ್ನು ತಪಾಸಣೆ ಎಂದು ಅವರೇ ಬರೆದರು. ಕಂಪನಿಯ ತಪಾಸಣೆಗೆ ಕಿವಿ ಸೇರಿಸುವ ಮಾತು ಮಾತ್ರ ಅರ್ಧಕ್ಕೆ ನಿಂತಿತು. ಈ ವರ್ಷ ಪರ್ಮನೆಂಟ್ ನೌಕರರಿಗೆ ಮಾತ್ರ, ಕಾಂಟ್ರಾಕ್ಟಿನವರಿಗೆ ಮುಂದೆ ನೋಡೋಣ ಅಂದರು. ಹೆಚ್ಚು ಕೇಳಿಸಿಕೊಂಡವರು ಕಾಂಟ್ರಾಕ್ಟಿನವರೇ ಎಂದೆ. ಗೊತ್ತು ಅಂದರು.

ಪ್ರಬಂಧ ಮೂರು ತಿಂಗಳು ತಡವಾಯಿತು. ನಿಯಮ ಮುರಿದದ್ದನ್ನು ಒಂದು ಅಧ್ಯಾಯ ಮಾಡಿಯೇ ಬರೆದೆ. ಕಾಕಾನ ಕಡತ ನಾನು ಇದನ್ನು ಬರೆಯುವ ಹೊತ್ತಿಗೂ ಮೆಡಿಕಲ್ ಬೋರ್ಡ್ ಮುಂದಿದೆ. ಅವರನ್ನು ಕೋರ್ ವಿಭಾಗಕ್ಕೆ, ಅಂದರೆ ಅಚ್ಚಿನ ಒಳಗಿಡುವ ಮರಳಿನ ತುಂಡು ಮಾಡುವ ಕಡೆಗೆ, ಹಾಕಿದ್ದಾರೆ. ಸದ್ದು ಕಡಿಮೆ, ಓಟಿಯೂ ಕಡಿಮೆ, ಹಾಗಾಗಿ ಮನೆಗೆ ಒಯ್ಯುವ ದುಡ್ಡೂ ಕಡಿಮೆ. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ನಾನು ಮೇಲೆ ಹೇಳಿದ ಸೆಕ್ಷನ್ನುಗಳೆಲ್ಲ ಹಳೆಯ ಕಾಯ್ದೆಯವು, ಓದುವವರು ಅಷ್ಟು ನೆನಪಿಟ್ಟುಕೊಳ್ಳಿ.

ಒಪ್ಪಿಗೆ ಪತ್ರವನ್ನು ಹೊಸದಾಗಿ ಬರೆದೆ. ಈ ಸಲ ಇಂಗ್ಲಿಷಿನಿಂದ ತರಲಿಲ್ಲ. ನಾನು ಕಂಪನಿಯ ಸಂಬಳದವಳು ಎಂದು ಮೊದಲ ಸಾಲಿನಲ್ಲೇ ಬರೆದೆ. ಏನನ್ನು ಮುಚ್ಚಿಡಬಲ್ಲೆ, ಏನನ್ನು ಮುಚ್ಚಿಡಲಾರೆ ಎಂದು ಬಿಡಿಸಿ ಬರೆದೆ. ವರದಿಯನ್ನು ಕನ್ನಡ ಅಥವಾ ಮರಾಠಿಯಲ್ಲಿ ಆಡಿಯಾಲಜಿಸ್ಟೇ ಕೂತು ವಿವರಿಸುತ್ತಾರೆ, ನನ್ನ ಹತ್ತಿರ ತರಬೇಡಿ ಎಂದೂ ಬರೆದೆ. ಪತ್ರ ಹಂಚುವ ಕೆಲಸ ನಾನು ಮಾಡಲಿಲ್ಲ, ಆಡಿಯಾಲಜಿಸ್ಟ್ ಕಡೆಯವರು ಗೇಟಿನ ಹೊರಗೆ ಚಹಾ ಅಂಗಡಿಯಲ್ಲಿ ಕೂತು ಹಂಚಿದರು. ಮೊದಲೇ ಪರೀಕ್ಷೆ ಆದ 14 ಜನರನ್ನೂ ಮತ್ತೆ ಕೇಳಿದೆವು.

38ರಲ್ಲಿ 11 ಜನ ಬೇಡ ಅಂದರು. ಸಂಖ್ಯೆಯನ್ನು ಗೈಡ್‌ಗೆ ಹೇಳಿದಾಗ, “ಈಗ ಮುಂದುವರಿಯಬಹುದು” ಅಂದರು.

ಯಾರು ಬೇಡ ಅಂದರು ಎಂದು ನನಗೆ ತಿಳಿಯಬಾರದು, ತಿಳಿಯಲೂ ಇಲ್ಲ. ಒಬ್ಬನದು ಮಾತ್ರ ಗೊತ್ತಾಯಿತು, ಅವನೇ ಬಂದು ಹೇಳಿದ. ಇಪ್ಪತ್ತೆರಡರ ಹುಡುಗ, ಕೊನೆಯ ಗ್ರೈಂಡರಿನವನು. ಪಾಳಿ ಬಿಟ್ಟು ಹೋಗುವಾಗ ಬಾಗಿಲಲ್ಲಿ ನಿಂತ.

“ನಾ ಕಿವಿ ತೋರ್ಸಂಗಿಲ್ರಿ ಅಕ್ಕಾರ. ಆದ್ರ ನನ್ನ ಬಾಜೂಕಿನ ಬಿನ್ನಿಗೂ ಆ ಬೆಲ್ಟ್ ಹಾಕ್ಸ್ರಿ.”